ಅರ್ಧಕ್ಕೆ ನಿಂತ ಅಪ್‌ಡೇಟ್

೪ ಜೂನ್ ೨೦೨೫, ಬುಧವಾರ

ಇವತ್ತೂ ಹತ್ತು ಹತ್ತು ಸಲ ಪ್ಲಗ್ ಕಿತ್ತೆ. ಚೆನ್ನೈನ ಎಗ್ಮೋರ್ ಆಫೀಸಿನ ನನ್ನ ಮೇಜಿನ ಮೇಲೆ ಮೂರು ಪ್ಯಾನೆಲ್ — ಮಣಲಿಯ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದರೆ ಅಲಾರಂ ಹೊಡೆಯಬೇಕಾದವು. ಮೂರರಲ್ಲೂ ಆಪರೇಟಿಂಗ್ ಸಿಸ್ಟಂಗೆ ಬೀಗ. ಓಡುವಾಗ ಯಾರೂ ಬದಲಿಸುವಂತಿಲ್ಲ. ಹಾಗಾದರೆ ಅಪ್‌ಡೇಟ್ ಹೇಗೆ? ಮೂರು ದಾರಿ. ಯಾವುದು ಒಳ್ಳೆಯದೆಂದು ಹೇಳುವುದು ನನ್ನ ಕೆಲಸ.

ಒಂದನೆಯದರಲ್ಲಿ ಸಿಸ್ಟಂನ ಎರಡು ಪ್ರತಿ. ಒಂದು ಓಡುತ್ತಿರುವಾಗ ಹೊಸದು ಇನ್ನೊಂದರ ಜಾಗಕ್ಕೆ ಇಳಿಯುತ್ತದೆ. ಕೆಟ್ಟರೆ ಹಳೆಯದಕ್ಕೆ ವಾಪಸ್. ಗಟ್ಟಿ, ಆದರೆ ಪ್ರತಿ ಸಲವೂ ಇಡೀ ಸಿಸ್ಟಂ ಡೌನ್‌ಲೋಡ್ ಆಗಬೇಕು. ಎರಡನೆಯದು ಬದಲಾದ ಫೈಲುಗಳನ್ನಷ್ಟೇ ತಂದು, ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಆವೃತ್ತಿ ಕಟ್ಟುತ್ತದೆ. ಮಣಲಿಯ ಆ ನಿಧಾನ ನೆಟ್‌ವರ್ಕಿಗೆ ಇದೇ ಸರಿ. ಮೂರನೆಯದು ನಮ್ಮ ಮ್ಯಾನೇಜರ್ ಗುರುಚರಣರ ಸ್ವಂತ ಸ್ಕ್ರಿಪ್ಟ್ — ಬೀಗ ತೆಗೆ, ಓಡುತ್ತಿರುವುದನ್ನೇ ತಿದ್ದು, ಬೀಗ ಹಾಕು. ಐದೇ ನಿಮಿಷ.

ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ತೆಗೆದೆ. ಮೊದಲೆರಡು ಹತ್ತಕ್ಕೆ ಹತ್ತು ಸಲ ಎದ್ದವು. ಮೂರನೆಯದು ಏಳು ಸಲ. ಎರಡು ಸಲ ಕಪ್ಪು ಸ್ಕ್ರೀನ್. ಒಂದು ಸಲ ಸ್ಕ್ರೀನ್ ಸರಿ, ಅಲಾರಂ ಮೂಕ. ಹೆದರಿಸಿದ್ದು ಅದು.

೫ ಜೂನ್

“ವೃಂದಾ, ‘ಮೂರೂ ಸಮ’ ಅಂತ ಬರೆದುಬಿಡಮ್ಮಾ,” ಎಂದರು ಗುರುಚರಣ. ಅವರ ಮನೆಮಾತೂ ಕನ್ನಡ. ಆಫೀಸಿನಲ್ಲಿ ಅದು ಹೊರಬರುವುದು ಏನಾದರೂ ಬೇಕಾದಾಗ. “ಅಪ್‌ಡೇಟ್ ಮಧ್ಯದಲ್ಲೇ ಕರೆಂಟ್ ಹೋಗೋದು ಎಷ್ಟು ಸಲ?”

“ಒಂದು ಸಲ ಪೋದುಮೇ ಸಾರ್, ಒಂದೇ ಸಾಕು.”

“ನನ್ನ ಸ್ಕ್ರಿಪ್ಟೇ ಹಾಕೋದು ಅಂತ ಪ್ಲಾಂಟಿನವರಿಗೆ ಮಾತು ಕೊಟ್ಟಾಯ್ತು. ಸೈನ್ ಹಾಕು.”

“ಹಾಕಲ್ಲ.”

ಹದಿನಾರು ವರ್ಷದ ನೌಕರಿಯಲ್ಲಿ ಮೊದಲ ಸಲ. ಪೆನ್ನು ಮುಟ್ಟಲಿಲ್ಲ.

ಮನೆಯಲ್ಲಿ ಮಗಳು ಅಕ್ಷಯಾ ಎಂದಿನಂತೆ ತಮಿಳಿನಲ್ಲಿ: “ವೇಲೈ ಪೋಚುನ್ನಾ?” ಕೆಲಸ ಹೋದರೆ ಬೇರೆ ಹುಡುಕುತ್ತೇನೆ ಅಂದೆ. ಅನ್ನುವುದು ಸುಲಭ...

೧೨ ಜೂನ್, ಮಣಲಿಯಿಂದ ಬಂದ ಮೇಲೆ

ಡೆಮೊ. ‘ಮೂರೂ ಸಮ’ ಎಂಬ ವರದಿಗೆ ಗುರುಚರಣರೇ ಸೈನ್ ಹಾಕಿದ್ದರು. ಪ್ಯಾನೆಲ್ ಜೋಡಿಸಿಕೊಡಲು ಮಾತ್ರ ನಾನು.

ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್ ವಿಶ್ವನಾಥ ಕೇಳಿದರು: “ಮೂರೂ ಒಂದೇ ತಾನೆ ಮೇಡಂ?”

“ಮೂರನೆಯದರಲ್ಲಿ ಅಪ್‌ಡೇಟ್ ಓಡ್ತಿದೆ. ನೀವೇ ಸ್ವಿಚ್ ಆಫ್ ಮಾಡಿ ನೋಡಿ.”

“ವೃಂದಾ, ವೇಂಡಾಂ,” ಬೇಡವೆಂದರು ಗುರುಚರಣ.

ಪ್ಲಾಂಟಿನ ಸೇಫ್ಟಿ ಆಫೀಸರ್ ಮಾತ್ರ ‘ಮಾಡಿ’ ಎಂದು ತಲೆಯಾಡಿಸಿದರು. ಆಫ್. ಆನ್. ಎದ್ದಿತು. ಇನ್ನೊಂದು ಸಲ — ಎದ್ದಿತು. ಗುರುಚರಣ ನಕ್ಕರು. ಆದರೂ, ಇನ್ನೊಂದು ಅಂದೆ.

ಮೂರನೆಯ ಸಲವೂ ಸ್ಕ್ರೀನ್ ಬೆಳಗಿತು. ವಿಶ್ವನಾಥ ಸೆನ್ಸರಿಗೆ ಟೆಸ್ಟ್ ಗ್ಯಾಸ್ ಹಿಡಿದರು. ಅಂಕಿ ಏರಿತು, ಕೆಂಪಾಯಿತು. ಶಬ್ದವಿಲ್ಲ.

“ನಾನು ಆ ಕಡೆ ತಿರುಗಿ ಟೀ ಕುಡೀತಿದ್ದರೆ?” ಎಂದರು ವಿಶ್ವನಾಥ.



೧೩ ಜೂನ್

ನೋಟಿಸ್. ಕ್ಲೈಂಟ್ ಎದುರು ಶಿಸ್ತು ಮೀರಿದ್ದಕ್ಕೆ ವಿವರಣೆ ಬೇಕಂತೆ, ಕ್ಷಮಾಪಣೆಯ ಜೊತೆ. ಬರೆದುಕೊಟ್ಟೆ: ‘ಇದ್ದದ್ದನ್ನು ತೋರಿಸಿದ್ದೇನೆ. ಕ್ಷಮೆ ಕೇಳುವುದಿಲ್ಲ.’

೨೪ ಜೂನ್, ಮಧ್ಯಾಹ್ನ ೩

ಹನ್ನೊಂದು ದಿನದಿಂದ ಕೆಲಸ ಕೊಟ್ಟಿಲ್ಲ. ಆದರೂ ಒಂಬತ್ತಕ್ಕೆ ಸರಿಯಾಗಿ ಬಂದು ಖಾಲಿ ಮೇಜಿಗೆ ಕೂರುತ್ತೇನೆ.

ಬೆಳಿಗ್ಗೆ ಗುರುಚರಣ ಕರೆದರು. ಪ್ಲಾಂಟಿನವರು ಎರಡನೆಯ ವಿಧಾನವೇ ಬೇಕೆಂದಿದ್ದಾರೆ. ಹಾಕಿಕೊಡಲು ನಾನೇ ಬರಬೇಕಂತೆ.

“ನಾಳೆ ಹೋಗ್ತೀಯಾಮ್ಮಾ?”

“ಮೊದಲು ನೋಟಿಸ್ ವಾಪಸ್ ತಗೊಳ್ಳಿ ಸಾರ್. ಬರವಣಿಗೆಯಲ್ಲಿ.”

“ಹಠ ಜಾಸ್ತಿಯಾಯ್ತು ನಿಂಗೆ.”

“ಹೌದು ಸಾರ್.”

ಈಗ, ಇದನ್ನು ಬರೆಯುತ್ತಿರುವಾಗಲೇ, ಕ್ಯಾಬಿನ್ ಬಾಗಿಲು ತೆರೆಯಿತು. ಗುರುಚರಣರ ಕೈಯಲ್ಲಿ ಕಾಗದವಿದೆ. ನಾನು ಏಳುವುದಿಲ್ಲ. ಇಲ್ಲಿಗೇ ಬಂದು ಕೊಡ—