ಲೋಟದ ಮೇಲೆ ಎರಡು ಸಲ

ಜನವರಿ 6, ಸೋಮವಾರ. ಬೆಳಿಗ್ಗೆ 8.10
ಎಂಟರ ನೋವಿನ ಮಾತ್ರೆ, ಮಾರ್ಫಿನ್, ಆಯ್ತು. ಗಂಜಿತಿಳಿಯ ಜೊತೆ. ಅಪ್ಪನಿಗೆ ನಾಲಿಗೆ ಕ್ಯಾನ್ಸರ್, ಮಾತು ಹೋಗಿದೆ. ನೋವಾದರೆ ಚಮಚದಿಂದ ಸ್ಟೀಲ್ ಲೋಟಕ್ಕೆ ಎರಡು ಸಲ — ಟಣ್ ಟಣ್. ಡೊಂಬಿವಲಿಯ ಹೋಟೆಲಲ್ಲಿ ಮೂವತ್ತು ವರ್ಷ ಕಾವಲಿಗೆ ಬಾರಿಸಿದ್ದೂ ಹೀಗೇ. ದೋಸೆ ರೆಡಿ, ವೇಟರ್ ಬಾ. ಈಗ ವೇಟರ್ ನಾನು. ಡೆಲಿವರಿ ಕೆಲಸ ಬಿಟ್ಟು ಕಳವಾ ಊರಿನ ಈ ಒಂದೇ ರೂಮಲ್ಲಿ... ಓಡಾಡಿ ರೂಢಿಯಾದ ಕಾಲು ಒಂದು ಕಡೆ ನಿಲ್ತಿಲ್ಲ.

ಜ. 8
ಅಮ್ಮನ ತಮ್ಮ ಕಮಲಾಕ್ಷ ಮಾವ ಬಂದ್ರು. ಫೋನ್ ಮುಖಕ್ಕೆ ಹಿಡಿದ್ರು. "ಓದು ಮಾರಾಯ. ಮಾರ್ಫಿನ್ ಕ್ಯಾನ್ಸರ್ ಬೆಳೆಸ್ತದಂತೆ. ನೀನೇ ಗೊಬ್ಬರ ಹಾಕ್ತಾ ಇದ್ದಿ."
ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿಗೆ 'ಟ್ಯೂಮರ್ ಗ್ರೋತ್' ಅಷ್ಟೇ ಸಿಕ್ಕಿತು. ಸಾಕಾಯ್ತು. ಅಪ್ಪ ಕಣ್ಣು ಮುಚ್ಚಿದ್ದ, ನಿದ್ದೆ ಅಂದ್ಕೊಂಡೆ. ಹನ್ನೆರಡರ ಮಾತ್ರೆ ಕೊಡಲಿಲ್ಲ. ನಾಲ್ಕು ಗಂಟೆಗೊಂದರ ಬದಲು ಇನ್ನು ದಿನಕ್ಕೆ ಎರಡೇ.

ಜ. 9
ಟಣ್ ಇಲ್ಲ. ಇಡೀ ದಿನ. ನೋವು ಕಮ್ಮಿ ಆಗಿದೆ! ಮಾವ ಹೇಳಿದ್ದೇ ಸರಿ.

ಜ. 12, ಭಾನುವಾರ
ಸೀವುಡ್ಸಿಂದ ಅಕ್ಕ ರಮಿತಾ ಬಂದಳು. ಹಾಸಿಗೆ ಎತ್ತಿದರೆ ಅಡಿಯಲ್ಲಿ ಲೋಟ, ಚಮಚ. ಅಪ್ಪನೇ ಅಡಗಿಸಿಟ್ಟದ್ದು. ಅವನ ಅಂಗೈ ತುಂಬ ಉಗುರಿನ ಗುರುತು.
"ಎಂತ ಮಾಡಿದ್ದು ನೀನು? ಪಾಗಲ್ ಹೈ ಕ್ಯಾ?"
ಅಪ್ಪ ಹಳೇ ಬಿಲ್ ಬುಕ್ಕಿನ ಹಿಂದೆ ಬರೆದ: ಮಾವನ ಮಾತಿಗೆ ನೀನು ಹೆದರಿದ್ದಿ. ಅದಕ್ಕೆ ಬಾರಿಸಲಿಲ್ಲ.

ಜ. 13
ಹಾಸ್ಪಿಟಲ್. ಡಾಕ್ಟರಮ್ಮ ಮಂಗಳೂರಿನವರು. ಬೈಯಲಿಲ್ಲ — ಅದೇ ಜಾಸ್ತಿ ಉರಿಯಿತು.
"ಲ್ಯಾಬಲ್ಲಿ, ಇಲಿಗಳಲ್ಲಿ ನೋಡಿದ್ದಾರೆ. ಕೆಲವು ಕಡೆ ಗಡ್ಡೆ ಬೆಳೀತು, ಕೆಲವು ಕಡೆ ಕುಗ್ಗಿತು. ಮನುಷ್ಯರಲ್ಲಿ ಬೆಳೆಸ್ತದೆ ಅಂತ ಸಾಬೀತಾಗಿಲ್ಲ. ಅದು ಗೊತ್ತಿಲ್ಲ. ನೋವು ಗೊತ್ತುಂಟಲ್ಲ?"
ನಾಲ್ಕು ಗಂಟೆಗೊಂದು. ಟೈಮಿಗೆ ಸರಿಯಾಗಿ.
ರಿಕ್ಷಾದಲ್ಲಿ ಅಪ್ಪ ಬರೆದ: ಬೆಳೆದರೆ ಬೆಳೆಯಲಿ. ಮಾತ್ರೆ ತಪ್ಪಿಸಬೇಡ.

ಜ. 14, ಸಂಕ್ರಾಂತಿ. 11.50
ಮಾವ ಎಳ್ಳುಂಡೆ ತಂದ್ರು. "ತಿಳ್‌ಗುಳ್ ಘ್ಯಾ, ಗೋಡ್ ಬೋಲಾ." ಎಳ್ಳುಬೆಲ್ಲ ತಗೊಂಡು ಸಿಹಿ ಮಾತಾಡು ಅಂತ, ಇಲ್ಲಿಯ ಮರಾಠಿ ರೂಢಿ. ಉಂಡೆ ತಗೊಂಡೆ. ಸಿಹಿ ಮಾತು ಬರಲಿಲ್ಲ.
"ಮತ್ತೆ ಶುರು ಮಾಡಿದ್ಯಾ? ನಾಳೆ ಎಂತಾದ್ರೂ ಆದ್ರೆ ನಿನ್ನ ತಲೆ ಮೇಲೆ!"
"ಇರ್ಲಿ ಮಾವ. ತಲೆ ನನ್ನದೇ. ನೀವು ಒಂದು ದಿನ ಮಾತ್ರೆ ಇಲ್ಲದೆ ಅಪ್ಪನ ಕೈ ಹಿಡ್ಕೊಂಡು ಕೂತ್ಕೊಳ್ಳಿ. ಆಮೇಲೆ ಫೋನ್ ತೋರ್ಸಿ."
ಬಾಗಿಲಲ್ಲಿ ಚಪ್ಪಲಿ ಹುಡುಕ್ತಾ ಇದ್ದಾರೆ. ಹುಡುಕಲಿ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ...
ಟಣ್ ಟಣ್.
ಮಾವನಿಗೂ ಕೇಳೋ ಹಾಗೆ, ಜೋರಾಗಿ. ಭಾನುವಾರದ ರಶ್ಶಲ್ಲಿ ಕಾವಲಿಗೆ ಬಾರಿಸಿದ ಹಾಗೆ.
ಬಂದೆ ಅಪ್ಪ, ಬಂ—