ನೀವು ದೋಷವೆಂದು ತೆಗೆದ ನಮ್ಮಕ್ಕನ ನಗು

ಧ್ವನಿ ಸಂಗ್ರಹಾಲಯದ ನಿರ್ದೇಶಕರಿಗೆ,

ಮಾನ್ಯರೇ, ಕೊನೆಗೂ ನನ್ನ ಕೈಗೆ ಪೆನ್ನು ಹಿಡಿಸಿದಿರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಐವತ್ತು ವರ್ಷ ಲೌಡ್‌ಸ್ಪೀಕರ್ ರಿಪೇರಿ ಮಾಡಿದೆ. ಅಷ್ಟೂ ವರ್ಷದಲ್ಲಿ ಬರೆದ ಅತಿ ಉದ್ದದ ಬರಹವೆಂದರೆ ‘ಊಟಕ್ಕೆ ಹೋಗಿದ್ದೇನೆ, ಬಾಗಿಲು ಬಡಿಯಬೇಡಿ’ ಅನ್ನೋ ಬೋರ್ಡು. ನಿಮ್ಮ ಕಚೇರಿಗೆ ಮೂರು ಸಲ ಬಂದು ಬಾಯಲ್ಲೇ ಹೇಳಿದೆ. ಮೂರು ಸಲವೂ ‘ಲಿಖಿತವಾಗಿ ಕೊಡಿ’ ಅಂದರು. ಬರೆಯಲೇಬೇಕು ಅಂದಮೇಲೆ ನಿಮಗೊಬ್ಬರಿಗೇ ಯಾಕೆ ಬರೆಯಲಿ, ಊರೆಲ್ಲ ಓದಲಿ ಅಂತ ಪತ್ರಿಕೆಗೆ ಕಳಿಸಿದ್ದೇನೆ. ವಿಷಯ ಇಷ್ಟೇ: ಒಂದು ಹಳೇ ಗ್ರಾಮಫೋನ್ ಪ್ಲೇಟಿನ ಹಾಡಿನಿಂದ ನಮ್ಮಕ್ಕನ ನಗುವನ್ನು ನೀವು ಒರೆಸಿ ಹಾಕಿದ್ದೀರಿ. ಇಪ್ಪತ್ತೊಂದನೇ ತಾರೀಕು ಆ ಪ್ಲೇಟನ್ನೂ ಎಸೆಯಲಿದ್ದೀರಿ.

ಹಾಡು ನಮ್ಮ ದೊಡ್ಡಪ್ಪನದು. ಚಪ್ಪಾಳೆ ಮಾಸ್ತರ ಅಂದರೆ ಆಗ ಗೊತ್ತಿಲ್ಲದವರಿರಲಿಲ್ಲ. ಹಾಡು ಕಟ್ಟುವವನೂ ಅವನೇ, ಹಾಡುವವನೂ ಅವನೇ, ಊರೂರಿಗೆ ಆಟ ಹೊತ್ತುಕೊಂಡು ಹೋಗುವವನೂ ಅವನೇ. ಸ್ಟೇಜಿನ ಮೇಲೆ ಸೈಕಲ್ಲಿನಲ್ಲೇ ಬರುತ್ತಿದ್ದ. ಒಂದು ಸಲ ಬಂದ ವೇಗಕ್ಕೆ ನಿಲ್ಲಿಸಲಾಗದೆ ಆ ಕಡೆ ಬಾಗಿಲಿನಿಂದ ಬೀದಿಗೇ ಹೋಗಿಬಿಟ್ಟ. ಸುತ್ತಿಕೊಂಡು ಮುಂಬಾಗಿಲಿಗೆ ಬಂದರೆ ಗೇಟಿನವನು ಟಿಕೆಟ್ ಇಲ್ಲದೆ ಒಳಗೆ ಬಿಡಲಿಲ್ಲ. ದೊಡ್ಡಪ್ಪ ಜಗಳ ಆಡಲಿಲ್ಲ. ಅಲ್ಲೇ ಬೀದಿಯಲ್ಲಿ ನಿಂತು ಶುರು ಮಾಡಿದ. ಜನ ಕುರ್ಚಿ ಹೊತ್ತುಕೊಂಡು ಹೊರಗೆ ಬಂದರು. ಕೊನೆಗೆ ಗೇಟಿನವನೂ ಬಂದ. ಆಮೇಲೆ ಕಟ್ಟಿದ ಹಾಡು ಇದು:

ಬ್ರೇಕೇ ಇಲ್ಲದ ಸೈಕಲ್ಲೇರಿ
ಮಾವನ ಮನೆಗೆ ಹೊರಟೆನು,
ಮಾವನ ಮನೆಯು ಹಿಂದಕೆ ಹೋಯ್ತು,
ಮುಂದಿನ ಊರಲಿ ಇಳಿದೆನು!

ಓದಿದರೆ ಇದರಲ್ಲೇನಿದೆ ಅನ್ನಿಸಬಹುದು. ಅವನ ಬಾಯಲ್ಲಿ ಕೇಳಬೇಕಿತ್ತು. ‘ಇಳಿದೆನು’ ಅನ್ನುವಾಗ ದನಿಯೂ ಧೊಪ್ಪನೆ ಬೀಳುತ್ತಿತ್ತು.

ಈಗ ನಿಮ್ಮ ವಿದ್ವಾಂಸರಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ, ಪುಕ್ಕಟೆ. ದೊಡ್ಡಪ್ಪ ಹೊಸ ಹಾಡು ಕಟ್ಟಿದ ಕೂಡಲೇ ಬೀದಿಗಿಳಿದು ಸಿಕ್ಕವರಿಗೆ ಹಾಡಿ ತೋರಿಸುತ್ತಿದ್ದ. ಯಾರು ಮೊದಲು ನಗುತ್ತಾರೋ ಹಾಡು ಅವರದ್ದು. ಆಗ ಪ್ಲೇಟಿನ ಕೊನೆಯಲ್ಲಿ ಹಾಡಿದವರು ತಮ್ಮ ಹೆಸರು ಕೂಗಿ ಹೇಳುವ ಪದ್ಧತಿಯಿತ್ತಲ್ಲ, ಅಲ್ಲಿ ಇವನು ತನ್ನ ಹೆಸರು ಬಿಟ್ಟು ನಕ್ಕವರ ಹೆಸರು ಕೂಗುತ್ತಿದ್ದ. ‘ಇದು ಇಸ್ತ್ರಿ ಅಂಗಡಿ ಅಣ್ಣನ ಹಾಡು!’ ‘ಇದು ಸೂಲಗಿತ್ತಿ ಅಕ್ಕನ ಹಾಡು!’ ಇಸ್ತ್ರಿ ಅಣ್ಣನಿಗೆ ಒಂದು ಸಾಲು ಬರೆಯಲೂ ಬರುತ್ತಿರಲಿಲ್ಲ. ಆದರೆ ಆ ಪ್ಲೇಟು ಬಂದಮೇಲೆ ಅವನ ಅಂಗಡಿಯ ಮುಂದೆ ಆಗಲೇ ಇಸ್ತ್ರಿ ಮಾಡಿ ಮಡಿಸಿದ ಶರ್ಟು ಹಿಡಿದು ಬಂದವರೂ ಸಾಲು ನಿಂತರಂತೆ.

ನಿಮ್ಮ ಸಂಗ್ರಹಾಲಯ ಹೊರತಂದ ದಪ್ಪ ಪುಸ್ತಕ ಏನು ಹೇಳುತ್ತದೆ? ಆ ಕಾಲದಲ್ಲಿ ಹನ್ನೊಂದು ಜನ ‘ಅಜ್ಞಾತ ಗೀತರಚನಕಾರರು’ ಇದ್ದರಂತೆ! ಇಸ್ತ್ರಿ ಅಣ್ಣನಿಗೂ ಸೂಲಗಿತ್ತಿ ಅಕ್ಕನಿಗೂ ‘ತೀವ್ರ ಕಾವ್ಯಸ್ಪರ್ಧೆ’ ಇತ್ತಂತೆ! ಇಬ್ಬರ ‘ಶೈಲಿಯಲ್ಲಿ ವಿಸ್ಮಯಕರ ಸಾಮ್ಯ’ ಇದೆಯಂತೆ! ಇರದೆ ಏನು, ಸ್ವಾಮಿ? ಒಂದೇ ತಲೆಯಿಂದ ಬಂದದ್ದು. ಚಪ್ಪಾಳೆ ಮಾಸ್ತರನ ಹೆಸರಿಗೆ ಮಾತ್ರ ಒಂದೇ ಒಂದು ಹಾಡು ಕೊಟ್ಟಿದ್ದೀರಿ. ಅದು ಯಾವುದು ಗೊತ್ತೇ? ಬೀದಿ ಪೂರ್ತಿ ಹಾಡಿದರೂ ಯಾರೊಬ್ಬರೂ ನಗದ ಹಾಡು. ಬೇರೆ ದಾರಿಯಿಲ್ಲದೆ ತನ್ನ ಹೆಸರು ಕೂಗಿಕೊಂಡ. ಅದೊಂದನ್ನೇ ಕೇಳಿ ನಿಮ್ಮವರು ‘ಈತ ಗಂಭೀರ, ತುಸು ನೀರಸ ಕವಿ’ ಅಂತ ಷರಾ ಬರೆದಿದ್ದಾರೆ. ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ನಗು ಬಂತು, ಇನ್ನೂ ನಿಂತಿಲ್ಲ.

ಇನ್ನು ಅಕ್ಕನ ವಿಷಯ. ಸೈಕಲ್ ಹಾಡನ್ನು ಯಾರಿಗೂ ತೋರಿಸುವ ಮೊದಲೇ ರೆಕಾರ್ಡಿಂಗಿಗೆ ಕರೆ ಬಂತು. ಅಕ್ಕನಿಗೆ ಆಗ ಏಳು ವರ್ಷ, ನಾನು ತೊಟ್ಟಿಲಲ್ಲಿದ್ದೆ. ದೊಡ್ಡಪ್ಪ ಅವಳನ್ನು ಜೊತೆಗೆ ಕರೆದುಕೊಂಡು ಹೋದ. ಕಿಟಕಿಗೆಲ್ಲ ಕಂಬಳಿ ಹೊಡೆದ ಕೋಣೆ. ಕಂಪನಿಯವನು ಬೆರಳು ತುಟಿಗಿಟ್ಟು ಅವಳನ್ನು ಹೆದರಿಸಿದ್ದ. ದೊಡ್ಡಪ್ಪ ‘ಇಳಿದೆನು’ ಅಂದ. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಎರಡನೇ ಸಲ ‘ಇಳಿದೆನು’ ಅಂದ. ಕೈ ಸಾಲಲಿಲ್ಲ. ಆಗ ದನಿಯನ್ನು ಮೊದಲು ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು, ಆ ನಗು ಪೂರ್ತಿ ಮೇಣಕ್ಕೆ ಹೋಯಿತು. ಕಂಪನಿಯವನು ತಲೆ ಚಚ್ಚಿಕೊಂಡ. ಬೇರೆ ಮೇಣ ಇರಲಿಲ್ಲ. ದೊಡ್ಡಪ್ಪ ಮಾತ್ರ ಹಾಡು ನಿಲ್ಲಿಸದೆ ಮುಗಿಸಿ, ಕೊನೆಗೆ ಕೂಗಿದ: ‘ಇದು ನಮ್ಮ ಮೆಣಸಿನಕಾಯಿಯ ಹಾಡು!’ ಮನೆಯಲ್ಲಿ ಅವಳನ್ನು ಹಾಗೇ ಕರೆಯುತ್ತಿದ್ದೆವು.

ನಿಮ್ಮ ಪುಸ್ತಕದ ನೂರಾ ಹನ್ನೆರಡನೇ ಪುಟ: ‘ಮೆಣಸಿನಕಾಯಿ. ಬಹುಶಃ ಬಂಡಾಯ ಮನೋಭಾವದ ಕವಯಿತ್ರಿಯೊಬ್ಬಳ ಗುಪ್ತನಾಮ. ಅವಿವಾಹಿತೆಯಾಗಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿರಬಹುದು.’ ಇದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎಂಬತ್ತೆಂಟು ವರ್ಷ, ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ‘ಯಾವಾಗ ತೀರಿಕೊಂಡೆನಂತೋ?’ ಅಂದಳು. ‘ಚಿಕ್ಕ ವಯಸ್ಸಿನಲ್ಲೇ ಅಂತೆ ಕಣೇ.’ ‘ಅಯ್ಯೋ, ಮೊದಲೇ ಹೇಳಬಾರದಿತ್ತೇನೋ, ಇಷ್ಟು ವರ್ಷ ಅಡುಗೆ ಮಾಡೋದು ತಪ್ತಿತ್ತು!’

ಕಳೆದ ತಿಂಗಳು ಅವಳನ್ನು ನಿಮ್ಮಲ್ಲಿಗೆ ಕರೆತಂದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಾಡನ್ನು ಕಂಪ್ಯೂಟರಿನಲ್ಲಿ ಹಾಕಿ, ಅಕ್ಕನ ಕಿವಿಗೆ ತಾನೇ ಹೆಡ್‌ಫೋನ್ ಸಿಕ್ಕಿಸಿ, ದನಿ ಪೂರ್ತಿ ಏರಿಸಿದಳು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕೇಳಿದಳು, ‘ನನ್ನ ನಗು ಎಲ್ಲಮ್ಮ?’

‘ಅಜ್ಜಿ, ಹಳೇ ಪ್ಲೇಟಿನಲ್ಲಿ ಕರಕರ ಅನ್ನುತ್ತಲ್ಲ, ಅದನ್ನೆಲ್ಲ ಶುದ್ಧ ಮಾಡ್ತಾರೆ. ಆಗ ಅದನ್ನೂ ದೋಷ ಅಂತ ತೆಗೆದಿದ್ದಾರೆ.’

‘ಅದು ದೋಷ ಅಲ್ಲಮ್ಮ,’ ಅಂದಳು ಅಕ್ಕ. ‘ಅದು ನಾನು.’

ಆ ಹೆಣ್ಣುಮಗಳು ಮೂಲ ಪ್ಲೇಟು ಹುಡುಕಲು ಒಳಗೆ ಹೋದಳು. ಬಂದವಳ ಮುಖ ಸಣ್ಣಗಾಗಿತ್ತು. ಪ್ಲೇಟು ಇದೆ, ಆದರೆ ‘ಬಾಹ್ಯ ಶಬ್ದದಿಂದ ಕೆಟ್ಟ ಪ್ರತಿ’ ಎಂದು ಎಸೆಯುವ ಪಟ್ಟಿಗೆ ಸೇರಿದೆ. ಪಟ್ಟಿಗೆ ಸೇರಿದ್ದನ್ನು ಮುಟ್ಟಲು ನಿಮ್ಮ ಸಹಿ ಬೇಕು. ನಿಮ್ಮನ್ನು ಕೇಳಿದರೆ ನೀವು ಸಭೆಯಲ್ಲಿದ್ದಿರಿ. ಎರಡನೇ ಸಲವೂ ಸಭೆ, ಮೂರನೇ ಸಲವೂ ಸಭೆ. ಅಷ್ಟು ಹೊತ್ತು ಸಭೆಯಲ್ಲಿ ಏನು ಕೇಳುತ್ತೀರಿ, ಮಾನ್ಯರೇ? ಅದನ್ನೂ ಸ್ವಲ್ಪ ಶುದ್ಧ ಮಾಡಿಸಿ ನೋಡಿ, ಏನು ಉಳಿಯುತ್ತದೋ.

‘ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ?’ ಅಂತ ನಿಮ್ಮ ಮ್ಯಾನೇಜರು ಕೇಳಿದರು. ಆಗ ನಾನು ಎಗರಾಡಿದೆ. ಎಗರಾಡಿದ್ದು ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಇತ್ತು. ಒಂಬತ್ತನೇ ವಯಸ್ಸಿನಲ್ಲಿ ನಾನು ಅದರ ಮೇಲೆ ಕೂತೆ. ಕುರ್ಚಿಯ ಮೇಲೆ ಪ್ಲೇಟಿತ್ತು, ನೋಡಲಿಲ್ಲ. ಮೂರು ಚೂರಾಯಿತು. ಅಪ್ಪ ಬೆಲ್ಟು ತೆಗೆದಾಗ ಅಕ್ಕ ಮುಂದೆ ಬಂದು ‘ನಾನೇ ಬೀಳಿಸಿದೆ’ ಅಂದಳು. ಏಟು ಅವಳಿಗೆ ಬಿತ್ತು. ಇವತ್ತಿನವರೆಗೂ ಒಂದು ಸಲವೂ ಅವಳು ಆ ಮಾತು ಎತ್ತಿಲ್ಲ. ಅದಕ್ಕೇ ಮೂರು ಸಲ ಬಂದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಕಿವಿ ಹೋಗುತ್ತಿದೆ. ಎಡಗಿವಿ ಆಗಲೇ ಹೋಯಿತು. ಬಲಗಿವಿಗೆ ಎರಡು ಮೂರು ತಿಂಗಳು ಅಂದಿದ್ದಾರೆ ಡಾಕ್ಟರು. ‘ಏನು ಕೇಳಬೇಕು ಅಂತಿದೆಯೋ ಈಗಲೇ ಕೇಳಿಸಿಬಿಡಿ’ ಅಂದರು. ಅವಳು ಯೋಚನೆಯನ್ನೇ ಮಾಡಲಿಲ್ಲ. ‘ದೊಡ್ಡಪ್ಪನ ಸೈಕಲ್’ ಅಂದಳು.

ಪುಸ್ತಕ ತಿದ್ದಿಸುತ್ತೇನೆ, ಹನ್ನೊಂದು ಹೆಸರೂ ಹೊಡೆದುಹಾಕಿಸುತ್ತೇನೆ ಅಂತ ನಾನು ಹಾರಾಡುತ್ತಿದ್ದೆ. ಅಕ್ಕನೇ ಬೈದಳು. ‘ಇರಲಿ ಬಿಡೋ. ಅವನು ಕೊಟ್ಟಿದ್ದು ನೀನ್ಯಾಕೆ ಕಿತ್ಕೊಳ್ತೀಯ? ಇಸ್ತ್ರಿ ಅಣ್ಣ ಕವಿಯಾಗಿದ್ದರೆ ನಿನಗೇನು ಹೊಟ್ಟೆನೋವು?’ ಆದ್ದರಿಂದ ಪುಸ್ತಕ ಹಾಗೇ ಇರಲಿ. ಅವಳನ್ನು ಸಾಯಿಸಿದ್ದೂ ಹಾಗೇ ಇರಲಿ, ಅವಳಿಗೆ ಅದು ಬಹಳ ಹಿಡಿಸಿದೆ. ಬಂದವರಿಗೆಲ್ಲ ಆ ಪುಟ ತೆಗೆದು ತೋರಿಸುತ್ತಾಳೆ.

ನನಗೆ ಬೇಕಾದ್ದು ಒಂದೇ. ಆ ಪ್ಲೇಟನ್ನು ಪಟ್ಟಿಯಿಂದ ತೆಗೆಯಿರಿ. ಅಕ್ಕನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಶುದ್ಧ ಮಾಡದೆ, ಇದ್ದ ಹಾಗೇ ಒಮ್ಮೆ ಕೇಳಿಸಿ. ಗ್ರಾಮಫೋನು ನಾನೇ ಹೊತ್ತು ತರುತ್ತೇನೆ, ಹೊಸ ಮುಳ್ಳು ಹಾಕಿದ್ದೇನೆ, ಬಲಗಿವಿಯ ಪಕ್ಕಕ್ಕೆ ನನ್ನದೇ ಸ್ಪೀಕರ್ ಇಡುತ್ತೇನೆ. ನೀವು ಮಾಡಬೇಕಾದ್ದು ಒಂದು ಸಹಿ. ಹದಿನೆಂಟನೇ ತಾರೀಕು ಸಂಜೆ ಐದರೊಳಗೆ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಉತ್ತರ ಕೊಡಿ. ಲಿಖಿತವಾಗಿ.

ಇಂತಿ,
ಅಕ್ಕನಿಗೆ ಒಂದು ಏಟಿನ ಋಣ ಉಳಿಸಿಕೊಂಡ ತಮ್ಮ