ಅಜ್ಜ ಹೋದ್ರಾ?

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಮುದ್ದಿನ ಚಿನ್ನಿ,

ಹೇಗಿದ್ದೀಯೆ? ಮೈ ಹುಷಾರಾಗಿದೆಯೇ? ಬೆಟ್ಟದ ಗಾಳಿಗೆ ಹತ್ತಿದ ಕೆಮ್ಮು ಬಿಟ್ಟಿತೇ? ಇಲ್ಲಿ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಆದರೆ ಇವತ್ತು ಕೈ ಬರುತ್ತಿಲ್ಲ. ಮೊದಲು ಒಂದು ಮಾತು ಕೇಳು. ಹೋದ ವಾರದ ಜೀಪಿನಲ್ಲಿ ಕಳಿಸಿದ ಬಟಾಣಿ-ಆಲೂಗಡ್ಡೆ ಸಾಗುವಿನ ಪೊಟ್ಟಣಗಳನ್ನು ತಿನ್ನಬೇಡ. ನಾಲಿಗೆ ತುದಿಗೆ ಹಚ್ಚಿಯೂ ನೋಡಬೇಡ. ಕಾಗದ ಕೆಳಗಿಟ್ಟು, ಹನ್ನೆರಡನ್ನೂ ಒಂದು ಚೀಲದಲ್ಲಿ ಕಟ್ಟಿ, ಯಾರಿಗೂ ಸಿಗದ ಕಡೆ ಇಟ್ಟು ಬಾ. ಆಮೇಲೆ ಮುಂದೆ ಓದು. ನನ್ನ ಮೇಲೆ ಸಿಟ್ಟಾಗಲು ಬೇಕಾದಷ್ಟು ಹೊತ್ತಿದೆ.

ನಮ್ಮ ಕಾರ್ಖಾನೆಯ ಮಿಶ್ರಣದ ಕೋಣೆಯಲ್ಲಿ ಯಾವ ಪುಡಿಗೂ ಅದರ ನಿಜವಾದ ಹೆಸರಿಲ್ಲ ಎಂದು ಹೇಳಿ ನಿನ್ನನ್ನು ಎಷ್ಟು ಸಲ ನಗಿಸಿದ್ದೇನೆ! ನೀರನ್ನೂ ಎಣ್ಣೆಯನ್ನೂ ಜಗ್ಗಿ ಹಿಡಿದು ಗಟ್ಟಿ ಮಾಡುವ ಅಂಟು ನಮಗೆ ಅತ್ತೆ. ಬಣ್ಣ ಅಂದರೆ ಚಿಕ್ಕಮ್ಮ. ಹುಳಿಪುಡಿ ಅಜ್ಜ, ಏಕೆಂದರೆ ಮುಖ ಸದಾ ಹುಳಿ, ಆದರೆ ಬಾಗಿಲು ಕಾಯುವವನು ಅವನೇ. ಪೊಟ್ಟಣದ ಹಿಂಬದಿಯಲ್ಲಿ ಅವನು ಬರೀ ಮುನ್ನೂರ ಮೂವತ್ತು. ನೀನೋ, ನಂಬರ್ ಕಂಡರೆ ಸಾಕು, "ಅಮ್ಮಾ, ಇದೆಲ್ಲ ವಿಷ" ಅನ್ನುತ್ತಿದ್ದೆ. ಎಲ್ಲವೂ ಒಳ್ಳೆಯವೆಂದು ನಾನೂ ಆಣೆ ಇಡಲಾರೆ. ರುಚಿ ಹೆಚ್ಚಿಸಿ ಹಸಿವಿಲ್ಲದವರನ್ನೂ ತಿನ್ನಿಸುವ ಪುಡಿಗಳೂ ನಮ್ಮಲ್ಲಿವೆ. ಆದರೆ ಅಜ್ಜನ ಕತೆ ಬೇರೆ. ನಮ್ಮ ಪೊಟ್ಟಣವನ್ನು ಕಾಯಿಸುವ ಬಿಸಿಗೆ ಸಾಯದ ಒಂದು ಕ್ರಿಮಿ ಇದೆಯಂತೆ. ಹುಳಿ ಇದ್ದರೆ ಅದು ಬೆಳೆಯುವುದಿಲ್ಲ. ಹುಳಿ ಇಲ್ಲದೆ, ಗಾಳಿಯೂ ಆಡದ ಚೀಲದೊಳಗೆ ಬೆಚ್ಚಗೆ ಕೂತರೆ ವಿಷ ಕಾರುತ್ತದೆ. ಎಷ್ಟೋ ಸಲ ವಾಸನೆ ಬರುವುದಿಲ್ಲ, ಚೀಲ ಉಬ್ಬುವುದೂ ಇಲ್ಲ.

ನಿನಗೆ ಕಳಿಸಿದ ಪೊಟ್ಟಣಗಳು ತಯಾರಾದ ದಿನ ಎರಡನೇ ಕೊಳಗ ನನ್ನದು. ಯಂತ್ರದ ಗದ್ದಲದಲ್ಲಿ ಕಿವಿ ಕೇಳುವುದಿಲ್ಲವಲ್ಲ, ಪುಡಿ ತೂಗಿ ಸುರಿಯುವ ಹುಡುಗಿಗೆ ಎಂದಿನಂತೆ ಕೂಗಿದೆ: "ಅಜ್ಜ ಹೋದ್ರೇನೇ?" ಅವಳು ತಲೆಯಾಡಿಸಿ, "ಹೂಂ ಅಕ್ಕಾ, ಹೋದ್ರು" ಅಂದಳು. ನಾನು ಪಟ್ಟಿಯಲ್ಲಿ ಗುರುತು ಹಾಕಿದೆ. ಅವಳ ಕಣ್ಣಲ್ಲಿ ನೀರಿತ್ತು ಚಿನ್ನಿ, ನಾನು ನೋಡಿದೆ. ಪಕ್ಕದ ಕೋಣೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು, ಅದಕ್ಕಿರಬೇಕು ಅಂದುಕೊಂಡೆ. ಅವಳ ಸ್ವಂತ ಅಜ್ಜ ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಐದು ನಿಮಿಷದ ಹಿಂದಷ್ಟೇ ಮನೆಯಿಂದ ಫೋನು ಬಂದಿತ್ತು. ಅಯ್ಯೋ, ನಾನು ಕೇಳಿದ್ದೇನು, ಅವಳು ಹೇಳಿದ್ದೇನು! ಪರೀಕ್ಷೆ ಕೋಣೆಯವರು ಮೊದಲನೇ ಮತ್ತು ಕೊನೆಯ ಕೊಳಗವನ್ನು ಮಾತ್ರ ನೋಡುತ್ತಾರೆ. ನಡುವಿನದು ಹಾಗೇ ಚೀಲಕ್ಕಿಳಿಯಿತು.

ನಿನ್ನೆ ಉಗ್ರಾಣದಲ್ಲಿ ಹುಳಿಪುಡಿ ಒಂದು ಪಾಲು ಹೆಚ್ಚಿದೆ ಎಂದು ಗೊತ್ತಾಯಿತು. ಸಾವಿನ ಮನೆಯಿಂದ ಆಗ ತಾನೇ ಕೆಲಸಕ್ಕೆ ಮರಳಿದ್ದ ಹುಡುಗಿಯನ್ನು ಕರೆಸಿ ಕೇಳಿದರು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅಂಗಡಿಗಳಿಗೆ ಹೋದ ಮಾಲನ್ನೆಲ್ಲ ವಾಪಸ್ ತರಿಸುತ್ತಿದ್ದಾರೆ. ಪೊಟ್ಟಣದ ಮೇಲಿನ ಅಚ್ಚು ಸೊಟ್ಟಗಾಗಿದೆ ಎಂದು ನಮ್ಮಂಥ ಕೆಲಸಗಾರರಿಗೆ ಅಗ್ಗಕ್ಕೆ ಕೊಟ್ಟದ್ದು ಯಾವ ಪಟ್ಟಿಯಲ್ಲೂ ಇಲ್ಲ. ನಾನು ಆಸೆಪಟ್ಟು ನಿನಗೆಂದು ತಂದದ್ದು ಅದನ್ನೇ. ಪರೀಕ್ಷೆ ಕೋಣೆಯ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ರೆಪ್ಪೆ ಭಾರ ಆದ್ರೆ, ಒಂದು ಎರಡಾಗಿ ಕಂಡ್ರೆ, ನುಂಗೋಕೆ ಕಷ್ಟ ಆದ್ರೆ, ಒಂದು ಗಳಿಗೆನೂ ಕಾಯ್ಬಾರ್ದು. ಆಸ್ಪತ್ರೆಗೆ ಹೋಗ್ಬೇಕು." ನಿಮ್ಮ ಹವಾಮಾನ ಕೇಂದ್ರದ ವೈರ್‌ಲೆಸ್ ಕೆಟ್ಟು ಹತ್ತು ದಿನವಾಯಿತಂತೆ. ರಾತ್ರಿಯೆಲ್ಲ ನಿಮ್ಮಪ್ಪ ಕಚೇರಿಯಿಂದ ಕಚೇರಿಗೆ ಅಲೆದರು. ಬೆಟ್ಟ ಹತ್ತುವ ಗಾಡಿ ಆ ಜೀಪೊಂದೇ, ಅದು ಇವತ್ತು ಕೆಳಗಿಳಿಯುತ್ತದೆ. ಇಳಿದ ಕೂಡಲೇ ಡ್ರೈವರಣ್ಣನ ಕೈಕಾಲು ಹಿಡಿದಾದರೂ ವಾಪಸ್ ಹತ್ತಿಸುತ್ತೇನೆ.

ನೀನು ಹಟಮಾರಿ. ನಂಬರ್ ಇರುವ ಪೊಟ್ಟಣ ಬೇಡವೆಂದು ಮೂಲೆಗೆ ತಳ್ಳಿರುತ್ತೀಯ ಎಂದು ನಂಬಿಕೊಂಡು ಕೂತಿದ್ದೇನೆ. ಹುಟ್ಟಿದಾಗಿನಿಂದ ನಿನ್ನ ಹಟಕ್ಕೆ ಬೈದಿದ್ದೇನೆ, ಇದೊಂದು ಸಲ ನನ್ನ ಮಾತು ಮೀರಿರು ತಾಯೀ. ನೂರು ವರ್ಷ ಬಾಳು, ನನಗಿಂತ ಮುದುಕಿಯಾಗು.

ಇಂತಿ,
ನಿನ್ನ ಅಮ್ಮ

ತಾ.ಕ.: ಡ್ರೈವರಣ್ಣ ಬಂದ. ನಿನ್ನ ಕಾಗದ ಕೊಟ್ಟ. "ಅಮ್ಮಾ, ಈ ಸಲದ್ದು ಚೂರೂ ಹುಳಿ ಇಲ್ಲ, ತುಂಬ ಚೆನ್ನಾಗಿದೆ. ಸಾಹೇಬ್ರು ರಜೆ ಮೇಲೆ ಹೋಗಿದಾರೆ, ಎರಡು ಪೊಟ್ಟಣ ನಾನೊಬ್ಳೇ ತಿಂದೆ. ಬೆಳಿಗ್ಗೆಯಿಂದ ಥರ್ಮಾಮೀಟರಿನ ಗೆರೆ ಎರಡೆರಡು ಕಾಣ್ತಿದೆ, ನಿದ್ದೆ ಸಾಲ್ದು ಅನ್ಸತ್ತೆ" ಎಂದು ಬರೆದಿದ್ದೀಯ. ಅದು ನಿದ್ದೆಯಲ್ಲ ಕಂದಾ. ಈ ಕಾಗದವನ್ನು ಯಾರ ಕೈಗೂ ಕೊಡುವುದಿಲ್ಲ, ನಾನೇ ತರುತ್ತಿದ್ದೇನೆ. ನಿಮ್ಮಪ್ಪ ಡಾಕ್ಟರನ್ನು ಕರೆತಂದು ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ದಾರಿ ಒಂಬತ್ತು ಗಂಟೆಯದು, ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಬಾಗಿಲು ಹಾಕಿಕೊಳ್ಳಬೇಡ, ಮಲಗಬೇಡ. ಇಬ್ಬರು ಅಮ್ಮಂದಿರು ಓಡಿ ಬರುವುದು ಕಂಡರೆ ಹೆದರಬೇಡ, ಇಬ್ಬರೂ ನಾನೇ.